ಕಡಪುರ ಮನೆಯಲ್ಲೇ ಕೂತ ದಿನ

ಬೋಳಾರದ ಹೊಳೆಬದಿಯ ಜೆಟ್ಟಿಯೇ ಆಗ ನನ್ನ ಕನ್ಸಲ್ಟಿಂಗ್ ರೂಮ್. ತೋರಿಸಲು ಬಂದವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ನನಗೆ ಮಗುಚಿ ಹಾಕಿದ ಮೀನಿನ ಕ್ರೇಟು. ಡಿಸೆಂಬರಿನ ಆ ಬೆಳಿಗ್ಗೆ ಮೊದಲು ಬಂದು ಕೂತವನು ಟೂರಿಸ್ಟ್ ಅಲ್ಲ, ನಮ್ಮದೇ ಡೈವಿಂಗ್ ದೋಣಿಯ ಎರಡನೆಯ ಗೈಡ್. ಅವನ ಬಲಗಿವಿಗೆ ಓಟೋಸ್ಕೋಪ್ ಇಟ್ಟು ನೋಡಿದೆ. ಕಿವಿಯ ತಮಟೆ ಕೆಂಪಾಗಿ, ಒಳಕ್ಕೆ ಸೆಳೆದುಕೊಂಡಿತ್ತು.

“ಮೂಗು ಹಿಡಿದು ಊದು.”

ಊದಿದ. ಸರಿಯಾದ ಕಿವಿಯಾದರೆ ಊದಿದಾಗ ತಮಟೆ ಒಮ್ಮೆ ಉಬ್ಬಿ ಇಳಿಯಬೇಕು. ಇದು ಅಲ್ಲಾಡಲಿಲ್ಲ.

“ಇನ್ನೊಮ್ಮೆ.”

“ಎಷ್ಟು ಊದುದು ಡಾಕ್ಟ್ರಮ್ಮ? ನಾನೇನು ಬ್ಯಾಂಡ್‌ಸೆಟ್‌ನವನಾ?”

“ಶೀತ ಯಾವಾಗಿಂದ?”

“ಶೀತ ಎಂತ ಇಲ್ಲ. ಮೂಗು ಸ್ವಲ್ಪ ಕಟ್ಟಿದೆ, ಅಷ್ಟೆ.”

ಹಿಂದೆ ನಿಂತು ಸಿಲಿಂಡರಿಗೆ ಪಟ್ಟಿ ಬಿಗಿಯುತ್ತಿದ್ದ ಇನ್‌ಸ್ಟ್ರಕ್ಟರ್ ನಕ್ಕ. ಅವನು ಈ ಗೈಡಿನ ಅಕ್ಕನ ಗಂಡ. ಇಬ್ಬರದೂ ಹೊಳೆಯಾಚೆಯ ಕಡಪುರ, ಅಂದರೆ ಸಮುದ್ರದ ದಡದ ಮೀನುಗಾರರ ಕೇರಿ. ಒಂದೇ ಮನೆಯಲ್ಲಿ ವಾಸ. “ಇವನ ಗೊರಕೆಗೆ ನಮ್ಮ ನಾಯಿ ಎದ್ದು ಪಕ್ಕದ ಮನೆಗೆ ಹೋಗಿ ಮಲಗಿದೆ ಡಾಕ್ಟ್ರಮ್ಮ. ಶೀತ ಇಲ್ಲ ಅಂತೆ!”

“ನೀವು ಸುಮ್ಮನಿರಿ ಭಾವ.”

“ಇವತ್ತು ನೀನು ನೀರಿಗೆ ಇಳಿಯುದು ಬೇಡ,” ಎಂದೆ. “ದೋಣಿಯಲ್ಲಿ ಕೂತ್ಕೊ.”

ಅವನು ಮುಖ ಸಣ್ಣ ಮಾಡಿ ಎದ್ದುಹೋದ. ನಮ್ಮ ದೋಣಿಯಲ್ಲಿ ಯಾರು ನೀರಿಗೆ ಇಳಿಯಬಾರದು ಎನ್ನುವುದರಲ್ಲಿ ನನ್ನದೇ ಫೈನಲ್ ವರ್ಡ್. ಬೇರೆ ಯಾವುದೂ ನನ್ನ ಡಿಪಾರ್ಟ್‌ಮೆಂಟ್ ಅಲ್ಲ.

ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲು ದಾಟಿ ಕೊಂಚ ದೂರ ಹೋದರೆ, ಎಂದೋ ಮುಳುಗಿದ ಕಲ್ಲು ಸಾಗಿಸುವ ಬಾರ್ಜೊಂದು ಐದಾರು ಮಾರು ಆಳದಲ್ಲಿ ಮರಳಿನ ಮೇಲೆ ನೆಟ್ಟಗೆ ಕೂತಿದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆಳ ಕಡಿಮೆ. ಒಳಹೊಕ್ಕು ದಾರಿ ತಪ್ಪಲು ಕೋಣೆಗಳಿಲ್ಲ. ಮುಚ್ಚಳವಿಲ್ಲದ ಪೆಟ್ಟಿಗೆಯ ಹಾಗೆ ಹೊಟ್ಟೆ ತೆರೆದುಕೊಂಡಿದೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಕೆಲವು ತಿಂಗಳು ಈ ಡೈವಿಂಗ್‌ನವರು ಅಲ್ಲಿಗೆ ಜನರನ್ನು ಕರೆದೊಯ್ಯುತ್ತಾರೆ. ಅಲ್ಲಿ ಹೊಸಬರಿಗೆ ಹೆಚ್ಚಾಗಿ ಕೈಕೊಡುವುದು ಕಿವಿ. ಇಳಿದಂತೆಲ್ಲ ನೀರು ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಊದಿ ಒಳಗಿನಿಂದ ಗಾಳಿ ತುಂಬಿ ಸರಿದೂಗಿಸಬೇಕು. ಮೂಗು ಕಟ್ಟಿದವನಿಗೆ ಅದು ಆಗುವುದಿಲ್ಲ. ತಮಟೆ ಒಡೆಯುತ್ತದೆ. ಅದಕ್ಕೆಂದೇ, ಅತ್ತಾವರದ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ನೋಡುವ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ನನ್ನನ್ನು ಕರೆಸಿಕೊಂಡಿದ್ದರು.

ನನಗೂ ಆಸೆ ಇಲ್ಲದಿರಲಿಲ್ಲ. ನಮ್ಮ ಕಾನ್ವೆಂಟಿನ ಮೇಲ್ಮಹಡಿಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅತ್ತ ಕಣ್ಣು ಹೋದರೆ ಸಾಕು, “ಗರ್ಲ್ಸ್, ಐಸ್ ಆನ್ ದ ಬೋರ್ಡ್” ಎನ್ನುತ್ತಿದ್ದರು ಸಿಸ್ಟರ್. ಅಪ್ಪ ದೇವಸ್ಥಾನದ ಅರ್ಚಕರು. ಅವರ ಮಟ್ಟಿಗೆ ಸಮುದ್ರವೆಂದರೆ ಅಮಾವಾಸ್ಯೆಯ ಸ್ನಾನ, ಅದೂ ಸೊಂಟದವರೆಗೆ. ಬೋರ್ಡ್ ನೋಡಿ ನೋಡಿ ನಾನು ಡಾಕ್ಟರಾದೆ. ಸಮುದ್ರದೊಳಗೆ ತಲೆ ಹಾಕಿದ್ದು ಅರುವತ್ತು ದಾಟಿದ ಮೇಲೆ, ಈ ಇನ್‌ಸ್ಟ್ರಕ್ಟರನ ಕೈ ಹಿಡಿದುಕೊಂಡು. “ಕಿವಿ ಒಳಗೆ ಎಂತ ಆಗ್ತದೆ ಅಂತ ನೀವೇ ಒಮ್ಮೆ ನೋಡಿ ಡಾಕ್ಟ್ರಮ್ಮ, ಆಮೇಲೆ ನಮಗೆ ಬೈಯಿರಿ” ಎಂದು ಹಟ ಹಿಡಿದು ಇಳಿಸಿದ್ದ. ಹಸಿರು ಮಬ್ಬಿನಲ್ಲಿ ಬಾರ್ಜಿನ ಕಬ್ಬಿಣದ ಗೋಡೆ, ಅದರ ಸಂದಿಯಿಂದ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ ಒಂದು ದೊಡ್ಡ ಮುರು ಮೀನು. ಅಷ್ಟು ಹೊತ್ತೂ ಅವನು ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಮೇಲೆ ಬಂದ ಮೇಲೆ ಹೇಳಿದ್ದ: “ನಿಮ್ಮ ಪಲ್ಸ್ ನೋಡ್ತಾ ಇದ್ದೆ. ನೀವು ಹೆದರಲೇ ಇಲ್ಲ ಮಾರಾಯ್ರೇ!”

ಆ ಬಾರ್ಜಿನಲ್ಲಿ ನಿಜವಾದ ಅಪಾಯವೆಂದರೆ ಬಲೆ. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ. ಮೀನು ಇದ್ದಲ್ಲಿಗೆ ಬಲೆ ಬರುತ್ತದೆ. ತೆಳು ನೈಲಾನ್ ಬಲೆ ನೀರಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಪ್ರತಿದಿನ ಮೊದಲು ಎರಡನೆಯ ಗೈಡ್ ಒಬ್ಬನೇ ಇಳಿದು ಬಾರ್ಜಿಗೆ ಒಂದು ಸುತ್ತು ಹಾಕುತ್ತಾನೆ. ಬಲೆಯ ತುಂಡು ಕಂಡರೆ ಕತ್ತರಿಸಿ ತರುತ್ತಾನೆ. ಅವನು ಮೇಲೆ ಬಂದು “ಕ್ಲಿಯರ್” ಎಂದ ಮೇಲೆಯೇ ಹೊಸಬರನ್ನು ಇಳಿಸುವುದು. ಆ ದಿನ ಎರಡನೆಯ ಗೈಡನ್ನು ನಾನು ನಿಲ್ಲಿಸಿದ್ದೆ.

ಇನ್ನೊಂದು ಸಂಗತಿಯೂ ಇತ್ತು. ಹಿಂದಿನ ರಾತ್ರಿ ಅವರ ಕಡಪುರದಲ್ಲಿ ಒಬ್ಬ ಹಿರಿಯರು ತೀರಿಹೋಗಿದ್ದರು. ಸಾವಾದರೆ ಆ ದಡದಿಂದ ಯಾರೂ ಸಮುದ್ರಕ್ಕೆ ಹೋಗುವುದಿಲ್ಲ. ಅದು ಹಿಂದಿನಿಂದ ಬಂದ ಕಟ್ಟು. ನಮ್ಮ ದೋಣಿ ನಡೆಸುವ ತಾಂಡೇಲರೂ ಅದೇ ದಡದವರು. ಅವರಿಗೆ ಬೆಳಿಗ್ಗೆಯಿಂದಲೇ ಮನಸ್ಸಿರಲಿಲ್ಲ.

“ಮನೆಯಲ್ಲಿ ಹೆಣ ಇಟ್ಟುಕೊಂಡು ನೀರಿಗೆ ಹೋಗುದು ಸರಿಯಲ್ಲ ಮಾರಾಯ,” ಎಂದರು.

“ನಾವು ಮೀನು ಹಿಡಿಯುದಿಲ್ಲ ತಾಂಡೇಲ್ರೇ, ನೋಡಿ ಬರುದು ಮಾತ್ರ,” ಎಂದ ಇನ್‌ಸ್ಟ್ರಕ್ಟರ್. “ಮಧ್ಯಾಹ್ನದ ಒಳಗೆ ಬಂದು ಅಜ್ಜನಿಗೆ ಹೆಗಲು ಕೊಡುವ. ಈ ಟೀಚರ್ ಎರಡು ಸಲ ಬಂದು ಗಾಳಿ ಜಾಸ್ತಿ ಅಂತ ವಾಪಸ್ ಹೋಗಿದ್ದಾರೆ. ಮೂರನೇ ಸಲವೂ ಕಳಿಸುದಾ?”

ಟೀಚರ್ ಎಂದರೆ ಕೊಡಿಯಾಲ್‌ಬೈಲಿನ ಕಾಲೇಜೊಂದರ ಲೆಕ್ಚರರ್. ಆ ದಿನದ ಒಬ್ಬಳೇ ಗೆಸ್ಟ್. ಆಕೆಯ ಎರಡೂ ಕಿವಿ ಫಸ್ಟ್ ಕ್ಲಾಸ್. ಹಾಗೆಯೇ ಹೇಳಿದೆ.

ಅಳಿವೆ ದಾಟಿದಾಗ ಸಮುದ್ರ ಖಾಲಿ ಇತ್ತು. ಬೇರೆ ದಿನ ಅಲ್ಲಲ್ಲಿ ಹತ್ತಾರು ದೋಣಿ ಕಾಣುತ್ತಿದ್ದವು. ಆ ದಿನ ಒಂದೂ ಇಲ್ಲ. ಚಂದವೇ ಕಂಡಿತು, ಸುಳ್ಳು ಹೇಳುವುದಿಲ್ಲ. ಬಾರ್ಜಿಗೆ ಕಟ್ಟಿದ ಹಗ್ಗದ ತೇಲುಬುರುಡೆಗೆ ತಾಂಡೇಲರು ದೋಣಿ ಬಿಗಿದರು.

“ಚೆಕ್ ಡೈವ್?” ಎಂದು ಕೇಳಿದೆ.

“ಇವತ್ತು ಯಾರ ಬಲೆ ಬರ್ತದೆ ಡಾಕ್ಟ್ರಮ್ಮ?” ಇನ್‌ಸ್ಟ್ರಕ್ಟರ್ ಮಾಸ್ಕಿಗೆ ಉಗುಳು ಹಚ್ಚಿ ತೊಳೆಯುತ್ತಿದ್ದ. “ಇಡೀ ಕಡಪುರ ಮನೆಯಲ್ಲಿ ಕೂತಿದೆ. ಮೊನ್ನೆ ಇವನು ಸುತ್ತು ಹಾಕಿದ್ದಾನೆ, ಎಲ್ಲ ಕ್ಲೀನ್ ಉಂಟು. ನಾನೇ ಎರಡೆರಡು ಸಲ ಇಳಿದು ಹತ್ತಿದರೆ ಹೊತ್ತಾಗ್ತದೆ, ಅಲ್ಲಿ ಅಜ್ಜ ಕಾಯ್ತಾರೆ.”

ಮಾತು ಸರಿಯೆಂದೇ ತೋರಿತು. ತಾಂಡೇಲರು ತಲೆಯಾಡಿಸಿದರು, ಗೈಡೂ ಆಡಿಸಿದ. ಆ ನೀರಿನಲ್ಲೇ ಹುಟ್ಟಿ ಬೆಳೆದ ಮೂವರೂ ಹೌದೆಂದ ಮೇಲೆ ಅರ್ಚಕರ ಮಗಳಾದ ನಾನು ಮಾತಾಡುವುದೇನು? ಇನ್‌ಸ್ಟ್ರಕ್ಟರ್ ಲೆಕ್ಚರರ್ ಕೈಹಿಡಿದು ಹಗ್ಗದಗುಂಟ ಇಳಿದ. ಗುಳ್ಳೆಗಳು ಎರಡು ಸಾಲಾಗಿ ಮೇಲೆ ಬಂದವು, ಮೆಲ್ಲಗೆ ಬಾರ್ಜಿನ ಉದ್ದಕ್ಕೆ ಸರಿದವು, ಕೊನೆಯಲ್ಲಿ ತಿರುಗಿದವು. ಗೈಡ್ ದೋಣಿಯ ಅಂಚಿಗೆ ಕೂತು ಅವನ್ನೇ ನೋಡುತ್ತ, “ಈಗ ಮುರು ಮೀನಿನ ಹತ್ತಿರ ಇದ್ದಾರೆ. ಈಗ ವಾಪಸ್ ಹೊರಟರು,” ಎಂದು ನನಗೆ ಕಾಮೆಂಟರಿ ಹೇಳುತ್ತಿದ್ದ. ಮೂಗು ಸುರಿಯುತ್ತಿತ್ತು. ನಾನು ನನ್ನ ಕರ್ಚೀಫ್ ಕೊಟ್ಟೆ.

ಆಮೇಲೆ ಗುಳ್ಳೆಗಳು ಒಂದೇ ಕಡೆ ನಿಂತುಬಿಟ್ಟವು. ಒಂದು ಸಾಲು ಒಮ್ಮೆಲೇ ದಪ್ಪಗಾಯಿತು. ಗೈಡ್ ಮಾತು ನಿಲ್ಲಿಸಿದ.

ಹಗ್ಗದ ಬಳಿ ಲೆಕ್ಚರರ್ ತಲೆ ಎತ್ತಿದಳು. ಕೆಮ್ಮುತ್ತ, ಅಳುತ್ತ, ಆದರೆ ಹಗ್ಗ ಹಿಡಿದು ಕಲಿಸಿದ ಹಾಗೆಯೇ ಮೆಲ್ಲಗೆ ಬಂದಿದ್ದಳು. “ಬಲೆ ಉಂಟು. ಸರ್ ಸಿಕ್ಕಿಬಿದ್ದಿದ್ದಾರೆ. ಕಾಲಿಗೆ, ಬೆರಳಿಗೆಲ್ಲ ಸುತ್ತಿದೆ, ಚಾಕು ತೆಗೆಯಲಿಕ್ಕೆ ಆಗುದಿಲ್ಲ. ನನ್ನನ್ನು ಆಚೆ ತಳ್ಳಿದ್ರು, ಮೇಲೆ ಹೋಗು ಅಂತ ಕೈ ಮಾಡಿದ್ರು. ಅವರ ಗೇಜಿನ ಮುಳ್ಳು ಕೆಂಪಿನ ಹತ್ತಿರ ಬಂದಿದೆ.”

“ಇವತ್ತು ಯಾರ ಬಲೆ?” ಎಂದರು ತಾಂಡೇಲರು. ಹಾಗೆನ್ನುತ್ತಲೇ ಅವರ ಮುಖ ಬಣ್ಣಗೆಟ್ಟಿತು. “ಅಯ್ಯೋ. ಎಳೆಯಲಿಕ್ಕೇ ಯಾರೂ ಬರಲಿಲ್ಲ.”

ಆಗ ನನಗೂ ಅರ್ಥವಾಯಿತು. ಸಣ್ಣ ದೋಣಿಯವರು ಸಂಜೆ ಹೊತ್ತಿಗೆ ಬಲೆ ಬಿಟ್ಟು ಮನೆಗೆ ಬರುತ್ತಾರೆ. ಬೆಳಗಾಗುವಾಗ ಹೋಗಿ ಎಳೆಯುತ್ತಾರೆ. ಬಲೆ ಬಿಟ್ಟು ಬಂದ ಮೇಲೆ ಅಜ್ಜ ತೀರಿಕೊಂಡರು. ಬೆಳಿಗ್ಗೆ ಯಾರೂ ನೀರಿಗೆ ಹೋಗಲಿಲ್ಲ. ಎಳೆಯದೆ ಉಳಿದ ಬಲೆ ಸೆಳೆತಕ್ಕೆ ಹರಿದು ಬಂದು, ತನ್ನ ತೇಲುಬುರುಡೆಗಳ ಸಮೇತ ಬಾರ್ಜಿಗೆ ಸುತ್ತಿಕೊಂಡು ಅಡಿಗೆ ಕೂತಿತ್ತು. ಕಡಪುರ ಮನೆಯಲ್ಲಿ ಕೂತಿದೆ, ಆದ್ದರಿಂದ ಬಲೆ ಇಲ್ಲ ಎಂದುಕೊಂಡಿದ್ದೆವು. ಮನೆಯಲ್ಲಿ ಕೂತಿದ್ದರಿಂದಲೇ ಬಲೆ ಅಲ್ಲಿತ್ತು.

ಗೈಡ್ ಅಷ್ಟರಲ್ಲಿ ಸಿಲಿಂಡರ್ ಬೆನ್ನಿಗೇರಿಸಿದ್ದ. ಕಾಲಿಗೆ ಚಾಕು ಕಟ್ಟಿಕೊಂಡ. ಆಮೇಲೆ ನಿಂತು ನನ್ನ ಮುಖ ನೋಡಿದ. ಅಂಥ ಹೊತ್ತಿನಲ್ಲೂ ನನ್ನ ಮಾತಿಗೆ ಕಾದ.

ನನ್ನೆದುರು ಇದ್ದದ್ದು ಇಷ್ಟು. ಕಟ್ಟಿದ ಕಿವಿಯಲ್ಲಿ ಇಳಿದರೆ ಅರ್ಧ ದಾರಿಯಲ್ಲೇ ಅವನ ತಮಟೆ ಒಡೆಯುತ್ತದೆ. ತಣ್ಣೀರು ಒಳಕಿವಿಯ ಬಳಿ ನುಗ್ಗಿದರೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದ ಹಾಗೆ ತಲೆ ಸುತ್ತುತ್ತದೆ. ಆ ಸ್ಥಿತಿಯಲ್ಲಿ ಬಲೆಯ ಹತ್ತಿರ ಹೋದರೆ ಇಬ್ಬರೂ ಉಳಿಯುವುದಿಲ್ಲ. ಆಚೆ ದಡದಲ್ಲಿರುವ ಒಬ್ಬ ಹೆಂಗಸಿಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ. ಬೇರೆ ಯಾರಿದ್ದರು? ತಾಂಡೇಲರಿಗೆ ಸಿಲಿಂಡರ್ ಕಟ್ಟಿ ಗೊತ್ತಿಲ್ಲ. ಉಸಿರು ಬಿಗಿಹಿಡಿದು ಹೋದರೆ ಬಲೆ ಕತ್ತರಿಸುವಷ್ಟು ಹೊತ್ತು ನಿಲ್ಲಲಾಗದು. ನಾನು ಇಳಿದರೆ ಅದು ಇನ್ನೊಂದು ಹೆಣ. ಕೂಗಿ ಕರೆಯೋಣವೆಂದರೆ ಸಮುದ್ರದಲ್ಲಿ ಒಂದು ದೋಣಿ ಇಲ್ಲ.

“ತಲೆ ಹಿಂದಕ್ಕೆ ಹಾಕು,” ಎಂದೆ. ಮೂಗಿಗೆ ಡ್ರಾಪ್ಸ್ ಬಿಟ್ಟೆ. ಅದು ಕೆಲಸ ಮಾಡಲು ಬೇಕಾದ ಸಮಯ ನಮ್ಮ ಕೈಯಲ್ಲಿರಲಿಲ್ಲ, ಗೊತ್ತಿತ್ತು. ಅವನ ಗಲ್ಲ ಹಿಡಿದು ಹೇಳಿದೆ: “ಕೇಳು. ಹಗ್ಗದಲ್ಲೇ ಇಳಿ, ಕಾಲು ಕೆಳಗೆ ಮಾಡಿ. ಬಲಗಿವಿ ಒಡೆಯುತ್ತದೆ. ಒಡೆದ ಕೂಡಲೇ ನೋವು ನಿಲ್ಲುತ್ತದೆ. ಆದರೆ ಲೋಕ ತಿರುಗಲಿಕ್ಕೆ ಶುರುವಾಗುತ್ತದೆ. ಆಗ ಎಂತ ಮಾಡಬೇಡ. ಕಣ್ಣು ಮುಚ್ಚು, ಹಗ್ಗ ಅಪ್ಪಿಕೋ, ಉಸಿರಾಡು. ಒಳಗೆ ಹೋದ ನೀರು ಬೆಚ್ಚಗಾಗುವವರೆಗೆ ಮಾತ್ರ ಅದು. ಆಮೇಲೆ ನಿಲ್ಲುತ್ತದೆ. ನಿಂತ ಮೇಲೆ ಭಾವನ ಹತ್ತಿರ ಹೋಗು, ಮೊದಲು ಹೋಗಬೇಡ. ಹಗ್ಗ ಬಿಟ್ಟೆಯೋ, ಸತ್ತೆ. ಗೊತ್ತಾಯ್ತಾ?”

“ಗೊತ್ತಾಯ್ತು.”

“ಹೋಗು.”

ಅವನು ಹಿಮ್ಮುಖವಾಗಿ ನೀರಿಗೆ ಬಿದ್ದ. ನಾನು ಹಗ್ಗದ ಮೇಲೆ ಕೈಯಿಟ್ಟು ಕೂತೆ. ಅವನ ಇಳಿತ ಹಗ್ಗದ ನಡುಕದಲ್ಲಿ ತಿಳಿಯುತ್ತಿತ್ತು. ನಡುಕ ಒಮ್ಮೆ ನಿಂತಿತು. ಮರುಕ್ಷಣ ಹಗ್ಗ ಮೀನು ಕಚ್ಚಿದ ಗಾಳದಂತೆ ಜಗ್ಗಿತು. ಒಡೆಯಿತು ಎಂದುಕೊಂಡೆ. ಹಿಡಿದುಕೋ, ಹಿಡಿದುಕೋ ಎಂದು ನಾನು ಗಟ್ಟಿಯಾಗಿ ಹೇಳುತ್ತಲೇ ಇದ್ದೆನೆಂದು ಲೆಕ್ಚರರ್ ಆಮೇಲೆ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಹಗ್ಗ ಸುಮ್ಮನಾಯಿತು. ಗುಳ್ಳೆಗಳ ಸಾಲು ಹಗ್ಗ ಬಿಟ್ಟು ಬಾರ್ಜಿನ ಕಡೆಗೆ ಹೊರಟಿತು. ಅಲ್ಲಿದ್ದ ಇನ್ನೊಂದು ಸಾಲು ತೆಳ್ಳಗಾಗುತ್ತ ಬಂದಿತ್ತು. ಎರಡೂ ಒಂದಾದವು. ಆಮೇಲೆ ಬಂದದ್ದು ಒಂದೇ ಸಾಲು.

ಅವರು ಮೇಲೆ ಬಂದಾಗ ಗೈಡಿನ ಮಾಸ್ಕಿನೊಳಗೆ ರಕ್ತವಿತ್ತು. ಭಾವನನ್ನು ಕಂಕುಳಿಗೆ ಕೈ ಹಾಕಿ ಹಿಡಿದಿದ್ದ. ಇನ್‌ಸ್ಟ್ರಕ್ಟರನ ಸಿಲಿಂಡರಿನ ತಲೆಗೆ, ಕಾಲಿಗೆ, ಕೈಬೆರಳಿಗೆ ಸುತ್ತಿದ್ದ ನೈಲಾನ್ ಇನ್ನೂ ಜೋತಾಡುತ್ತಿತ್ತು. ಬಾಯಿಯಲ್ಲಿ ಉಸಿರಿನ ಕೊಳವೆ ಇರಲಿಲ್ಲ. ದೋಣಿಗೆ ಎಳೆದು ಹಾಕಿದೆವು. ಅವನ ಮಣಿಕಟ್ಟಿಗೆ ಬೆರಳಿಟ್ಟೆ, ಏನೂ ಇರಲಿಲ್ಲ. ಕತ್ತಿಗೆ ಇಟ್ಟೆ.

ಎದೆ ಒತ್ತಲು ಶುರು ಮಾಡಿದೆ. ವಯಸ್ಸಾದ ಕೈ, ಬೇಗ ಸೋಲುತ್ತದೆ. ಲೆಕ್ಚರರ್‌ಗೆ ತೋರಿಸಿಕೊಟ್ಟೆ, ಆಕೆ ಒತ್ತಿದಳು, ನಾನು ಆಕ್ಸಿಜನ್ ಚೀಲ ಹಿಸುಕಿದೆ. ತಾಂಡೇಲರು ತೇಲುಬುರುಡೆಯ ಹಗ್ಗ ಕತ್ತರಿಸಿ ಇಂಜಿನ್ ಪೂರ್ತಿ ಬಿಟ್ಟರು. ಗೈಡ್ ದೋಣಿಯ ತಳದಲ್ಲಿ ಕೂತು ಭಾವನ ಪಾದದಿಂದ ನೈಲಾನ್ ಬಿಡಿಸುತ್ತಿದ್ದ. ತಲೆ ಒಂದು ಬದಿಗೆ ವಾಲಿತ್ತು. ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ.

ಅಳಿವೆಯಲ್ಲಿ ತೆರೆ ಎದ್ದಿತ್ತು. ಸರಿಯಾದ ತೆರೆ ಬರುವವರೆಗೆ ದೋಣಿ ನಿಲ್ಲಿಸಲೇಬೇಕು, ಇಲ್ಲವಾದರೆ ಮಗುಚುತ್ತದೆ. ಆ ಕಾಯುವಿಕೆಯಲ್ಲೂ ಕೈ ನಿಲ್ಲಿಸಲಿಲ್ಲ. ಬೋಳಾರದಲ್ಲಿ ಆಂಬುಲೆನ್ಸ್, ಅತ್ತಾವರದಲ್ಲಿ ಕ್ಯಾಶುವಲ್ಟಿ. ಡ್ಯೂಟಿಯಲ್ಲಿದ್ದ ಡಾಕ್ಟರ್ ನನ್ನ ಹಳೆಯ ವಿದ್ಯಾರ್ಥಿನಿ. ಬಹಳ ಹೊತ್ತು ಪ್ರಯತ್ನಿಸಿ, ನನ್ನ ಕೈಯನ್ನು ಅವನ ಎದೆಯಿಂದ ತಾನೇ ಎತ್ತಿ, “ಮ್ಯಾಮ್, ಇನಫ್,” ಎಂದಳು.

ಗೈಡಿನ ಕಿವಿಯನ್ನು ಅಲ್ಲಿಯೇ ನೋಡಿದೆ. ತಮಟೆ ಒಡೆದದ್ದು ಗುಣವಾಗುತ್ತದೆ; ಆದರೆ ಒತ್ತಡಕ್ಕೆ ಒಳಕಿವಿಯೂ ಹರಿದಿತ್ತು. ಟ್ಯೂನಿಂಗ್ ಫೋರ್ಕ್ ಬಡಿದು ಬಲಗಿವಿಯ ಬಳಿ ಹಿಡಿದೆ. “ಎಂತ ಮಾಡ್ತಿದ್ದೀರಿ ಡಾಕ್ಟ್ರಮ್ಮ?” ಎಂದು ಕೇಳಿದ. ಈಗಲೂ ಅದರಲ್ಲಿ ಏನೂ ಕೇಳಿಸುವುದಿಲ್ಲ.

ನಾನು ಬೆಳಿಗ್ಗೆ ಅವನನ್ನು ನಿಲ್ಲಿಸದಿದ್ದರೆ ಎಂದು ಕೆಲವರು ಕೇಳಿದ್ದುಂಟು. ಇವತ್ತೂ ಅಂಥ ಕಿವಿ ನೋಡಿದರೆ ಇಳಿಯಬೇಡ ಎಂದೇ ಹೇಳುತ್ತೇನೆ.

ಮರುದಿನ ಪೋಸ್ಟ್‌ಮಾರ್ಟಮ್ ಮುಗಿಸಿ ಅವನನ್ನು ಕಡಪುರಕ್ಕೆ ತಂದರು. ನಾನೂ ಹೋಗಿದ್ದೆ. ದೋಣಿಗಳೆಲ್ಲ ಮರಳ ಮೇಲೆ ಸಾಲಾಗಿ ನಿಂತಿದ್ದವು. ಅಂಗಳದಲ್ಲಿ ಕೂತ ನನಗೆ ತೆಂಗಿನ ಮರಗಳ ಸಂದಿಯಿಂದ ಸಮುದ್ರ ಕಾಣುತ್ತಿತ್ತು, ಮತ್ತೆ ಪೂರ್ತಿ ಖಾಲಿ. ಒಂದು ಸಾವಿನ ಹಿಂದೆ ಇನ್ನೊಂದು ಸಾವು. ಅಜ್ಜ ತೀರಿದ ಸಂಜೆ ಬಿಟ್ಟ ಬಲೆ ಒಂದೂ ಇನ್ನೂ ದಡಕ್ಕೆ ಬಂದಿರಲಿಲ್ಲ.

ಕೇರಿಯ ಹಿರಿತನ ನೋಡುವ ಗುರಿಕಾರರು ಚಪ್ಪರದ ಕೆಳಗಿದ್ದರು. ಹೋಗಿ ಹೇಳಿದೆ: “ಬಲೆಗಳು ಇನ್ನೂ ಹೊರಗೆ ಉಂಟಲ್ಲ. ಮೊದಲು ಅವನ್ನು ಎಳೆದು ತರಬೇಕು.”

“ಇವತ್ತಾ?” ಅವರು ಕೈ ಮುಗಿದರು. “ನೀವು ದೊಡ್ಡವರು, ಡಾಕ್ಟ್ರಮ್ಮ. ಆದ್ರೆ ಹೆಣ ಮನೆಯಲ್ಲಿರುವಾಗ ನಮ್ಮ ದಡದಿಂದ ದೋಣಿ ಇಳಿಯುದಿಲ್ಲ. ಅವನಿಗೇ ಮರ್ಯಾದೆ ತಪ್ಪಿದ ಹಾಗೆ ಆಗ್ತದೆ.”

“ಆ ಬಲೆಯೇ ಅವನನ್ನು...”

“ಗೊತ್ತುಂಟು. ನಾಳೆ ತರುವ.”

ಮತ್ತೆ ಮಾತು ಮುಂದುವರಿಸಲು ನನಗೆ ಹಕ್ಕಿರಲಿಲ್ಲ. ಹಿಂದಿನಿಂದ ಗೈಡ್ ಬಂದ, ಕಿವಿಗೆ ಹತ್ತಿ, ಗೋಡೆ ಹಿಡಿದುಕೊಂಡು. ನಾವು ಮಾತಾಡಿದ್ದು ಅವನಿಗೆ ಅರ್ಧ ಕೇಳಿಸಿರಬೇಕು. ಒಳಗೆ ಹೋಗಿ ಅಕ್ಕನ ಪಕ್ಕ ಕೂತು ಏನೋ ಹೇಳಿದ. ಅವಳು ಗಂಡನ ತಲೆಯ ಬಳಿ ಕೂತಿದ್ದಳು. ಎದ್ದು ಹೊರಗೆ ಬಂದಳು. ಹೆಂಗಸರು ಹಿಡಿಯಲು ಹೋದರೆ ಕೈ ಬಿಡಿಸಿಕೊಂಡಳು.

“ಗುರಿಕಾರ್ರೇ, ಎಲ್ಲರೂ ಹೋಗಿ ಬಲೆ ಎಳೆದು ಬನ್ನಿ.”

“ಮಗಾ, ಇವನನ್ನು ಕಳಿಸಿ ಕೊಟ್ಟ ಮೇಲೆ...”

“ಇಲ್ಲ. ಮೊದಲು ಬಲೆ. ಆಮೇಲೆ ಎತ್ತುದು.” ದನಿ ಏರಿಸಲಿಲ್ಲ. “ಅಜ್ಜನಿಗೆ ಹೆಗಲು ಕೊಡ್ಲಿಕ್ಕೆ ಹೊತ್ತಾಗ್ತದೆ ಅಂತ ಇವರು ಅವಸರ ಮಾಡಿದ್ರು. ಇವರಿಗೆ ಈಗ ಎಂತದೂ ಅವಸರ ಇಲ್ಲ. ಕಾಯ್ತಾರೆ.”

ಗುರಿಕಾರರು ನೆಲ ನೋಡುತ್ತ ನಿಂತರು. ಕೊನೆಗೆ ತಾಂಡೇಲರು ಹೆಗಲ ಮೇಲಿದ್ದ ಶಾಲು ತೆಗೆದು ಚಪ್ಪರದ ಕಂಬಕ್ಕೆ ಸುತ್ತಿ, ಒಬ್ಬರೇ ದಡದ ಕಡೆಗೆ ನಡೆದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಆಮೇಲೆ ಒಟ್ಟಿಗೇ ಹಲವರು. ಗುರಿಕಾರರೂ ಹೋದರು; ಅಷ್ಟು ವಯಸ್ಸಿನಲ್ಲಿ ದೋಣಿಗೆ ಹೆಗಲು ಕೊಟ್ಟು ನೀರಿಗೆ ತಳ್ಳಿದರು.

ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದರು. ಒದ್ದೆ ಬಲೆಗಳನ್ನು ಮರಳಿನ ಮೇಲೆ ಹೊರೆಹೊರೆಯಾಗಿ ಹಾಕಿದರು. ಎರಡು ದಿನದ ಮೀನು ಅದರಲ್ಲೇ ಕೊಳೆತು ನಾರುತ್ತಿತ್ತು. ಯಾರ ಬಲೆ ಬಾರ್ಜಿನ ಕಡೆಯದು ಎಂದು ಯಾರೂ ಕೇಳಲಿಲ್ಲ. ಒಬ್ಬ ನಡುವಯಸ್ಸಿನವನು ಮಾತ್ರ ಬರಿಗೈಯಲ್ಲಿ ಬಂದು, ಅಂಗಳದ ಹೊರಗೇ ಕುಕ್ಕರಗಾಲಿನಲ್ಲಿ ಕೂತಿದ್ದ. ಹೆಣ ಎತ್ತುವ ಹೊತ್ತಿಗೆ ಗೈಡಿನ ಅಕ್ಕ ಅವನ ಕಡೆ ನೋಡಿ, “ಬನ್ನಿ, ನೀವೂ ಹಿಡಿಯಿರಿ,” ಎಂದಳು. ಅವನು ಎದ್ದು ಬಂದು ಹೆಗಲು ಕೊಟ್ಟ.

ನಾನು ಮತ್ತೆ ಆ ಜೆಟ್ಟಿಯಲ್ಲಿ ಕೂರಲಿಲ್ಲ. ಓಟೋಸ್ಕೋಪ್ ಮನೆಯಲ್ಲಿದೆ. ಗೈಡ್ ಆಗಾಗ ಕಿವಿ ತೋರಿಸಲು ಬರುತ್ತಾನೆ. ಅವನ ಎಡಗಿವಿಯ ಬದಿಗೆ ಕುರ್ಚಿ ಎಳೆದುಕೊಂಡು ಕೂತು ನಾನು ಕೇಳುತ್ತೇನೆ, ಅವನು ಹೇಳುತ್ತಾನೆ. ಮೊನ್ನೆ ಬಂದವನು ಕಡಪುರದಲ್ಲಿ ಮತ್ತೊಂದು ಸಾವಾದ ಸುದ್ದಿ ಹೇಳಿದ. ಆ ಸುದ್ದಿ ಮುಟ್ಟಿಸಿದವನ ಹತ್ತಿರ ಗುರಿಕಾರರು, ‘ಯಾರು, ಯಾವಾಗ, ಹೇಗೆ’ ಎಂದು ಏನೂ ಕೇಳಲಿಲ್ಲವಂತೆ.

“ಮತ್ತೆಂತ ಕೇಳಿದರು?”

“ಯಾರದ್ದೆಲ್ಲ ಬಲೆ ಹೊರಗುಂಟು, ಅಂತ.”